ಪ್ರಕೃತಿಗೆ ಪಾಟೀಸವಾಲು

ಬಾಡಿಗೆಗೆ ಮನೆ ಕೊಡುವವರಲ್ಲಿ "ನಮ್ಮವರಿಗೆ ಮಾತ್ರ" ಎನ್ನುವ ಒಂದು ವರ್ಗ ಎಲ್ಲ ಊರುಗಳಲ್ಲಿಯೂ ಉಂಟು. ನಮ್ಮವರೆಂದರೆ ಯಾರು ಎಂಬುದು ಬೀದಿಯಿಂದ ಬೀದಿಗೆ ಬದಲಾಗುತ್ತದೆ. ಒಂದೆಡೆ ಅದು ಜಾತಿ, ಇನ್ನೊಂದೆಡೆ ಭಾಷೆ, ಮತ್ತೊಂದೆಡೆ ಅಡಿಗೆಮನೆಯಿಂದ ಬರುವ ವಾಸನೆ. ಹಿಂದಿನವರು ಇದಕ್ಕೆ ಆಚಾರವನ್ನೋ ಹಿರಿಯರ ಕಟ್ಟಳೆಯನ್ನೋ ಆಧಾರವಾಗಿ ಹೇಳುತ್ತಿದ್ದರು. ಈಗ ಹಾಗೆ ಹೇಳಲು ವಿದ್ಯಾವಂತರಿಗೆ ಸ್ವಲ್ಪ ಸಂಕೋಚ. ಆದುದರಿಂದ ಅವರು ಪ್ರಕೃತಿಯನ್ನೇ ಸಾಕ್ಷಿಗೆ ಕರೆಯುತ್ತಾರೆ. "ನಮ್ಮ ಮೈಯನ್ನೇ ನೋಡಿ ಸ್ವಾಮಿ. ಒಂದು ಮುಳ್ಳು ಹೊಕ್ಕರೆ ಕೀವು ಮಾಡಿಯಾದರೂ ಹೊರಗೆ ತಳ್ಳುತ್ತದೆ. ಇನ್ನೊಬ್ಬರ ಮೂತ್ರಪಿಂಡ ಜೋಡಿಸಿದರೆ ಒಲ್ಲೆನೆನ್ನುತ್ತದೆ. ತನ್ನದು ಯಾವುದು, ಅನ್ಯವಾವುದು ಎಂದು ಅದಕ್ಕೆ ಹುಟ್ಟಿನಿಂದಲೇ ಗೊತ್ತು. ನಾವು ಮಾಡುವುದೂ ಅಷ್ಟೇ ತಾನೆ?"

ಈ ವಾದಕ್ಕೆ ತತ್ತ್ವಶಾಸ್ತ್ರ ಬಲ್ಲವರು ಒಂದೇ ಮಾತಿನಲ್ಲಿ ಉತ್ತರ ಹೇಳಿ ಮುಗಿಸಿಯಾರು: ಪ್ರಕೃತಿ ಮಾಡುತ್ತದೆ ಎಂದ ಮಾತ್ರಕ್ಕೆ ಮನುಷ್ಯನೂ ಮಾಡಬೇಕೆಂಬ ನಿಯಮವಿಲ್ಲ, ಬೆಕ್ಕು ತನ್ನ ಮರಿಯನ್ನೇ ತಿನ್ನುವುದುಂಟು. ಉತ್ತರ ಸರಿಯಾದುದೇ. ಆದರೆ ಅದರಿಂದ ಯಾರ ಮನಸ್ಸೂ ಬದಲಾದದ್ದನ್ನು ನಾನು ಕಂಡಿಲ್ಲ. ಸಾಕ್ಷಿಯ ಮಾತು ಅಪ್ರಸ್ತುತವೆಂದು ಹೇಳಿ ಅವನನ್ನು ಕಟಕಟೆಯಿಂದ ಇಳಿಸಿಬಿಟ್ಟರೆ, ಅವನು ಹೇಳಿದ್ದು ನಿಜವೇ ಇರಬೇಕೆಂಬ ಭಾವನೆ ಸಭೆಯಲ್ಲಿ ಉಳಿದುಬಿಡುತ್ತದೆ. ಪಾಟೀಸವಾಲು ಮಾಡಿ ನೋಡುವುದು ಮೇಲು.

ಮೊದಲು ಮೈಯ ಸಾಕ್ಷ್ಯ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬೆಂಕಿಯಿಂದ ಸುಟ್ಟವರಿಗೆ ಬೇರೆಯವರ ಚರ್ಮವನ್ನು ಕಸಿ ಮಾಡಬಹುದೇ ಎಂಬ ಪ್ರಶ್ನೆಯನ್ನು ಹಿಡಿದು ಪೀಟರ್ ಮೆಡವರ್ ಎಂಬ ಪ್ರಾಣಿಶಾಸ್ತ್ರಜ್ಞರು ಗ್ಲಾಸ್ಗೋ ನಗರಕ್ಕೆ ಹೋದರು. ಅಲ್ಲಿ ಗಿಬ್ಸನ್ ಎಂಬ ಶಸ್ತ್ರವೈದ್ಯರೊಡನೆ ಮಾಡಿದ ಕೆಲಸವನ್ನು 1943ರಲ್ಲಿ ಪ್ರಕಟಿಸಿದರು. ಸುಟ್ಟ ಗಾಯದ ಒಬ್ಬ ಹೆಂಗಸಿಗೆ ಅವಳ ಒಡಹುಟ್ಟಿದವನ ಚರ್ಮದ ತುಣುಕುಗಳನ್ನು ಹಚ್ಚಿದ್ದರು. ಅವು ಕೆಲವು ದಿನ ನಿಂತು ಕೊಳೆತು ಉದುರಿದುವು. ಅದೇ ಸೋದರನ ಚರ್ಮವನ್ನು ಮತ್ತೊಮ್ಮೆ ಹಚ್ಚಿದಾಗ ಮೊದಲಿಗಿಂತ ಬೇಗ ಹೋದುವು. "ನಮ್ಮವರು" ಎನ್ನುವವರು ಇಲ್ಲಿ ಸ್ವಲ್ಪ ನಿಲ್ಲಬೇಕು. ಮೈಯ ಲೆಕ್ಕದಲ್ಲಿ ಜಾತಿಯಿಲ್ಲ, ಭಾಷೆಯಿಲ್ಲ, ಗೋತ್ರವೂ ಇಲ್ಲ. ಒಂದೇ ಬಸಿರಿನಿಂದ ಬಂದವನೂ ಅನ್ಯನೇ. ಮೈಯನ್ನು ಆದರ್ಶವೆಂದು ಹಿಡಿದರೆ ತಮ್ಮನಿಗೂ ಮನೆ ಬಾಡಿಗೆಗೆ ಕೊಡುವಂತಿಲ್ಲ. ಎರಡನೆಯ ಸಲ ಬೇಗ ತಳ್ಳಿತು ಎಂಬುದರಲ್ಲಿ ಇನ್ನೊಂದು ಸಂಗತಿಯಿದೆ. ಮೈಗೆ ನೆನಪುಂಟು, ಅದು ಕಲಿಯುತ್ತದೆ. ಕಲಿಯುವುದಾದರೆ, ತನ್ನದನ್ನು ತನ್ನದೆಂದು ತಿಳಿಯುವುದೂ ಕಲಿತದ್ದೇ ಇರಬಹುದಲ್ಲವೇ?

ಈ ಸಂದೇಹಕ್ಕೆ ಉತ್ತರ ದನದ ಕೊಟ್ಟಿಗೆಯಿಂದ ಬಂತು. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ರೇ ಓವೆನ್ ಎಂಬುವರು ಹಸುಗಳ ರಕ್ತದ ಗುಂಪುಗಳನ್ನು ಪರೀಕ್ಷಿಸುತ್ತಿದ್ದಾಗ, ಅವಳಿ ಕರುಗಳಲ್ಲಿ ಒಂದರ ರಕ್ತದಲ್ಲಿ ಇನ್ನೊಂದರ ಕಣಗಳೂ ಇರುವುದನ್ನು ಕಂಡರು. ಹಸುವಿನ ಗರ್ಭದಲ್ಲಿ ಅವಳಿಗಳ ರಕ್ತನಾಳಗಳು ಒಂದಕ್ಕೊಂದು ಕೂಡಿಕೊಂಡಿರುವುದುಂಟು. ಹಾಗೆ ಬೆರೆತ ಕಣಗಳು ಕರು ದೊಡ್ಡದಾದ ಮೇಲೂ ಉಳಿದಿದ್ದುವು. ಬೇರೆ ಬೇರೆ ಹೋರಿಗಳಿಗೆ ಹುಟ್ಟಿದ ಅವಳಿಗಳಲ್ಲಿಯೂ ಹೀಗೆಯೇ. 1945ರಲ್ಲಿ ಪ್ರಕಟವಾದ ಈ ಸಣ್ಣ ಲೇಖನವನ್ನು ಓದಿದ ಆಸ್ಟ್ರೇಲಿಯದ ಮ್ಯಾಕ್‌ಫಾರ್ಲೇನ್ ಬರ್ನೆಟ್, 'ತನ್ನದು' ಎಂಬ ಗುರುತನ್ನು ಮೈ ಹುಟ್ಟುವ ಮೊದಲಿನ ದಿನಗಳಲ್ಲಿ ಕಲಿಯುತ್ತದೆ, ಆಗ ಜೊತೆಯಲ್ಲಿ ಇದ್ದದ್ದೆಲ್ಲ ಅದರ ಪಾಲಿಗೆ ತನ್ನದೇ ಎಂದು ಊಹಿಸಿದರು. ಮೆಡವರ್ ಮತ್ತು ಅವರ ಇಬ್ಬರು ಸಂಗಡಿಗರು 1953ರಲ್ಲಿ ಇಲಿಗಳ ಮೇಲೆ ಇದನ್ನು ಸಾಧಿಸಿ ತೋರಿಸಿದರು. ಇನ್ನೂ ಗರ್ಭದಲ್ಲಿದ್ದ ಮರಿಗೆ ಬೇರೆ ತಳಿಯ ಇಲಿಯ ಜೀವಕೋಶಗಳನ್ನು ಚುಚ್ಚಿ ಹಾಕಿದರು. ಅದು ಹುಟ್ಟಿ ಬೆಳೆದ ಮೇಲೆ ಆ ತಳಿಯ ಚರ್ಮವನ್ನು ಹಚ್ಚಿದಾಗ ತಕರಾರಿಲ್ಲದೆ ಒಪ್ಪಿಕೊಂಡಿತು. ಬರ್ನೆಟ್ ಮತ್ತು ಮೆಡವರ್ ಇಬ್ಬರಿಗೂ 1960ರ ನೊಬೆಲ್ ಬಹುಮಾನ ಬಂದುದು ಈ ಸಹನೆಯ ತತ್ತ್ವಕ್ಕಾಗಿ. ಸಹನೆ ಎಂಬುದು ನನ್ನ ಅಲಂಕಾರವಲ್ಲ. ಅವರು ಇಟ್ಟ ಹೆಸರೇ ಅದು.

ಹುಟ್ಟಿದ ಮೇಲಾದರೂ ಬಾಗಿಲು ಭದ್ರವೇ? ತಾಯಿಯ ಹೊಟ್ಟೆಯಲ್ಲಿರುವ ಮಗು ಅರ್ಧಪಾಲು ತಂದೆಯದು. ಚರ್ಮದ ಕಸಿಯ ನ್ಯಾಯ ಹಚ್ಚಿದರೆ ಅದನ್ನು ಮೂರು ವಾರದೊಳಗೆ ಹೊರಹಾಕಬೇಕಾಗಿತ್ತು. ಒಂಬತ್ತು ತಿಂಗಳು ಇಟ್ಟುಕೊಳ್ಳುವುದಿರಲಿ, ಹೆತ್ತ ಮೇಲೂ ಮಗುವಿನ ಕೆಲವು ಕಣಗಳನ್ನು ತಾಯಿ ಉಳಿಸಿಕೊಳ್ಳುತ್ತಾಳೆ. ಗಂಡುಮಗುವನ್ನು ಹೆತ್ತು 27 ವರ್ಷಗಳಾಗಿದ್ದ ಒಬ್ಬಾಕೆಯ ರಕ್ತದಲ್ಲಿ ಗಂಡು ಜೀವಕೋಶಗಳು ಕಂಡುಬಂದುವೆಂದು 1996ರಲ್ಲಿ ವರದಿಯಾಯಿತು. ಇನ್ನು ನಮ್ಮ ಕರುಳಿನ ಸಂಸಾರದ ಮಾತು. 2016ರಲ್ಲಿ ಮಾಡಿದ ಒಂದು ಅಂದಾಜಿನಂತೆ ಒಬ್ಬ ಮನುಷ್ಯನ ಮೈಯಲ್ಲಿ ಅವನ ಸ್ವಂತ ಜೀವಕೋಶಗಳು ಸುಮಾರು 30 ಲಕ್ಷ ಕೋಟಿ; ಬಾಡಿಗೆದಾರ ಬ್ಯಾಕ್ಟೀರಿಯಗಳು ಸುಮಾರು 38 ಲಕ್ಷ ಕೋಟಿ. ಮನೆಯ ಯಜಮಾನನೇ ಅಲ್ಪಸಂಖ್ಯಾತ! ಇವನ್ನೆಲ್ಲ ನೋಡಿ ಪಾಲಿ ಮಾಟ್ಜಿಂಗರ್ ಎಂಬ ವಿಜ್ಞಾನಿ 1994ರಲ್ಲಿ ಒಂದು ವಾದವನ್ನು ಮುಂದಿಟ್ಟರು. ಮೈ ಕೇಳುವ ಪ್ರಶ್ನೆ "ಇದು ಯಾರದು?" ಎಂಬುದಲ್ಲವಂತೆ, "ಇದರಿಂದ ಕೇಡಾಗುತ್ತಿದೆಯೇ?" ಎಂಬುದಂತೆ. ಈ ವಾದವನ್ನು ಬಲ್ಲವರೆಲ್ಲ ಪೂರ್ತಿ ಒಪ್ಪಿದ್ದಾರೆಂದು ಹೇಳಲಾಗದು. ಆದರೆ ಹುಟ್ಟಿನ ಗುರುತೊಂದೇ ಸಾಕೆಂಬ ಹಳೆಯ ಸರಳ ನಂಬಿಕೆ ಉಳಿದಿಲ್ಲ.

ಎದುರು ಪಕ್ಷದ ವಕೀಲರು ಇಲ್ಲಿ ಜಾಣತನದಿಂದ ಜಾಗ ಬದಲಾಯಿಸುತ್ತಾರೆ. "ಒಬ್ಬನ ಮೈಯ ವಿಷಯ ಬಿಡಿ. ಒಂದು ಬೀದಿ, ಒಂದು ಊರು, ಒಂದು ನಾಡು, ಇವೂ ಒಂದೊಂದು ಮೈ. ಕಾಡನ್ನು ನೋಡಿ" ಎನ್ನುತ್ತಾರೆ. ಕಾಡನ್ನು ಹೀಗೆ ನೋಡಿದವರು ಸಸ್ಯಶಾಸ್ತ್ರದಲ್ಲಿಯೂ ಇದ್ದರು. ಸಸ್ಯಸಮುದಾಯವೆಂಬುದು ಹುಟ್ಟಿ, ಬೆಳೆದು, ಪ್ರೌಢವಾಗುವ ಒಂದು ದೊಡ್ಡ ಜೀವಿಯೇ ಸರಿ ಎಂದು ಅಮೆರಿಕದ ಫ್ರೆಡರಿಕ್ ಕ್ಲೆಮೆಂಟ್ಸ್ 1916ರಲ್ಲಿ ಪ್ರತಿಪಾದಿಸಿದರು. ಮನಸ್ಸಿಗೆ ಹಿತವಾದ ಚಿತ್ರ. ಅವಿಭಕ್ತ ಕುಟುಂಬದಲ್ಲಿ ಬೆಳೆದವರಿಗಂತೂ ಬಹಳ ಹಿತ. ಹತ್ತು ವರ್ಷದ ಮೇಲೆ, 1926ರಲ್ಲಿ, ಹೆನ್ರಿ ಗ್ಲೀಸನ್ ಇದನ್ನು ಅಲ್ಲಗಳೆದರು. ಪ್ರತಿಯೊಂದು ಸಸ್ಯವೂ ತನಗೆ ಒಗ್ಗಿದ ಮಣ್ಣು, ನೀರು, ಬಿಸಿಲು ಸಿಕ್ಕಿದಲ್ಲಿ ನಿಲ್ಲುತ್ತದೆ. ಬೀಜ ಬಂದು ಬಿದ್ದದ್ದು ಬಹುಪಾಲು ಆಕಸ್ಮಿಕ. ಒಟ್ಟಿಗೆ ನಿಂತಿರುವುದರಿಂದಲೇ ಒಂದು ಮನೆತನವಾಗುವುದಿಲ್ಲ ಎಂದರು. ಆಗ ಅವರ ಮಾತಿಗೆ ಹೆಚ್ಚು ಜನ ಕಿವಿಗೊಡಲಿಲ್ಲ. ಮುಂದೆ ಕೆರೆಗಳ ಕೆಸರಿನಲ್ಲಿ ಹೂತಿದ್ದ ಹಳೆಯ ಪರಾಗವನ್ನು ಎಣಿಸಿದ ಮಾರ್ಗರೆಟ್ ಡೇವಿಸ್ ಮೊದಲಾದವರು, ಹಿಮಯುಗ ಕಳೆದ ಮೇಲೆ ಉತ್ತರ ಅಮೆರಿಕದ ಮರಗಳು ಗುಂಪಾಗಿ ಬರಲಿಲ್ಲ, ಒಂದೊಂದು ಜಾತಿಯೂ ತನ್ನ ತನ್ನ ಹಾದಿಯಲ್ಲಿ, ತನ್ನ ತನ್ನ ವೇಗದಲ್ಲಿ ಬಂತು ಎಂದು ತೋರಿಸಿದರು. ಇಂದು ಅನಾದಿಯಿಂದ ಜೊತೆಗಿದ್ದಂತೆ ಕಾಣುವ ಮರಗಳು ನಿನ್ನೆ ಮೊನ್ನೆ ನೆರೆಹೊರೆಯಾದವು. ಕಾಡಿಗೆ ಚರ್ಮವಿಲ್ಲ. ಅದರ ಸದಸ್ಯರ ಪಟ್ಟಿಯನ್ನು ಯಾರೂ ಬರೆದಿಟ್ಟಿಲ್ಲ.

ಇಷ್ಟು ಸಾಲದೆಂಬಂತೆ, ಡೇನಿಯಲ್ ಜಾನ್ಸೆನ್ 1970ರಲ್ಲಿಯೂ ಜೋಸೆಫ್ ಕಾನೆಲ್ ಅದರ ಮರುವರ್ಷವೂ ಬೇರೆ ಬೇರೆಯಾಗಿ ಇನ್ನೊಂದು ಮಾತು ಹೇಳಿದರು. ಮಳೆಕಾಡಿನಲ್ಲಿ ತಾಯ್ಮರದ ಬುಡದಲ್ಲಿಯೇ ಬಿದ್ದ ಬೀಜಗಳು ಬಾಳುವುದು ಕಡಿಮೆ. ಆ ಮರದ ಕೀಟ, ಆ ಮರದ ಬೂಷ್ಟು ಅಲ್ಲಿ ಕಾದುಕೊಂಡಿರುತ್ತವೆ. ತನ್ನವರಿಂದ ದೂರ, ಬೇರೆ ಕುಲದ ಮರಗಳ ನಡುವೆ ಬಿದ್ದ ಬೀಜಕ್ಕೇ ಆಯುಸ್ಸು ಹೆಚ್ಚು. ಪನಾಮದ ಒಂದು ದ್ವೀಪದಲ್ಲಿ 50 ಹೆಕ್ಟೇರಿನೊಳಗೆ ಸುಮಾರು 300 ಜಾತಿಯ ಮರಗಳು ಹೇಗೆ ಒಟ್ಟಿಗಿವೆ ಎಂಬುದಕ್ಕೆ ಕೊಡುವ ಕಾರಣಗಳಲ್ಲಿ ಇದೂ ಒಂದು.

ಇಲ್ಲಿಗೆ ಮೊಕದ್ದಮೆ ಮುಗಿಯಿತೆಂದು ನಾವು ಬೀಗುವ ಹಾಗಿಲ್ಲ. ವಕೀಲರ ಕೈಯಲ್ಲಿ ಒಂದು ಬಲವಾದ ದಾಖಲೆಯಿದೆ: ಪಾರ್ಥೇನಿಯಂ. ನಾವು ಕಾಂಗ್ರೆಸ್ ಗಿಡವೆಂದು ಕರೆಯುವ ಕಳೆ. ಇದರ ತವರು ಮೆಕ್ಸಿಕೋ ಕೊಲ್ಲಿಯ ಸುತ್ತಲಿನ ನಾಡು. 1950ರ ದಶಕದ ನಡುವಿನಲ್ಲಿ ಪುಣೆಯಲ್ಲಿ ಇದು ತಜ್ಞರ ಕಣ್ಣಿಗೆ ಬಿತ್ತು. ಅಮೆರಿಕದಿಂದ ತರಿಸಿದ ಗೋಧಿಯ ಜೊತೆಯಲ್ಲಿ ಬಂತೆಂದು ಜನ ಹೇಳುವುದುಂಟು. ಹೇಗೇ ಬಂದಿರಲಿ, ರೈಲುದಾರಿ ಹಿಡಿದು, ರಸ್ತೆಯಂಚು ಹಿಡಿದು ದೇಶವನ್ನೆಲ್ಲ ತುಂಬಿತು. ಒಂದೊಂದು ಗಿಡವೂ ಸಾವಿರಾರು ಬೀಜ ಉದುರಿಸುತ್ತದೆ, ದನ ಮುಟ್ಟುವುದಿಲ್ಲ, ತನ್ನ ಬೇರು ಎಲೆಗಳಿಂದ ಒಸರುವ ರಸದಿಂದ ಪಕ್ಕದ ಬೀಜ ಮೊಳೆಯದಂತೆ ಮಾಡುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ ಮನುಷ್ಯರ ಮೈಗೆ ಕಜ್ಜಿ ತರುತ್ತದೆ. "ಇದು ಹೊರಗಿನಿಂದ ಬಂದದ್ದಲ್ಲವೇ?" ಎಂದು ಕೇಳಿದರೆ ಹೌದೆನ್ನಬೇಕು.

ಆದರೆ ಆ ಕಜ್ಜಿಯ ಬಗೆಯನ್ನು ಸ್ವಲ್ಪ ವಿಚಾರಿಸಿ. ಪಾರ್ಥೇನಿಯಂ ಮುಟ್ಟಿದವರಿಗೆಲ್ಲ ಅದು ಬರುವುದಿಲ್ಲ. ವರ್ಷಗಟ್ಟಲೆ ಹೊಲದಲ್ಲಿ ಅದರ ನಡುವೆ ಓಡಾಡಿದ ಮನುಷ್ಯನಿಗೆ ಒಂದು ದಿನ ಕಣ್ಣಿನ ರೆಪ್ಪೆ, ಕುತ್ತಿಗೆ, ಮೊಳಕೈ ಮಡಿಕೆಗಳಲ್ಲಿ ತುರಿಕೆ ಏಳುತ್ತದೆ. ಗಿಡದಲ್ಲಿರುವ ಪಾರ್ಥೆನಿನ್ ಎಂಬ ವಸ್ತುವನ್ನು ಮೈಯ ರೋಗನಿರೋಧಕ ಶಕ್ತಿ ವೈರಿಯೆಂದು ಗುರುತು ಹಾಕಿಕೊಂಡಿರುತ್ತದೆ. ಅಲ್ಲಿಂದ ಮುಂದೆ ಗಾಳಿಯಲ್ಲಿ ತೇಲಿಬಂದ ಪುಡಿಯೂ ಸಾಕು, ಚರ್ಮ ಕೆಂಪಾಗಿ ಒಡೆಯುತ್ತದೆ, ದಪ್ಪವಾಗಿ ಕಪ್ಪಾಗುತ್ತದೆ. ಗಿಡ ಸುಟ್ಟದ್ದಕ್ಕಿಂತ ಮೈಯ ಸಿಟ್ಟು ಸುಟ್ಟದ್ದು ಹೆಚ್ಚು. ಈ ಸಿಟ್ಟು ಒಮ್ಮೆ ಹತ್ತಿದರೆ ಸಾಮಾನ್ಯವಾಗಿ ಆಯುಷ್ಯವಿಡೀ ಬಿಡುವುದಿಲ್ಲ. ಅದು ಗಿಡದ ನೆಂಟರಿಗೂ ಹಬ್ಬುತ್ತದೆ. ಸೇವಂತಿಗೆ ಪಾರ್ಥೇನಿಯಂ ಕುಟುಂಬಕ್ಕೇ ಸೇರಿದ ಹೂವು. ಪಾರ್ಥೇನಿಯಂ ಕಜ್ಜಿಯವರಲ್ಲಿ ಕೆಲವರು ಸೇವಂತಿಗೆ ಮುಟ್ಟಿದರೂ ತುರಿಸಿಕೊಳ್ಳುತ್ತಾರೆ. ಮೆಕ್ಸಿಕೋದ ಕಳೆಯ ಮೇಲಿನ ಕೋಪ ದೇವರ ತಟ್ಟೆಯ ಹೂವಿನ ಮೇಲೆ ತೀರುತ್ತದೆ. ಮೈಯನ್ನು ಗುರುವೆಂದು ಹಿಡಿಯುವವರು ಗುರುವಿನ ಈ ಪಾಠವನ್ನೂ ಓದಬೇಕು.

ಇನ್ನು ಅದು ಹಬ್ಬಿದ ಬಗೆ. ತವರಿನಲ್ಲಿ ಇದು ಹತ್ತು ಕಳೆಗಳಲ್ಲಿ ಒಂದು; ತಿನ್ನುವ ಹುಳುಗಳು ಅಲ್ಲಿವೆ. ಇಲ್ಲಿ ಅವಿರಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಇದು ದಟ್ಟವಾಗಿ ಗಿಡ ಹುಲ್ಲು ತುಂಬಿದ ನೆಲದಲ್ಲಿ ಸುಲಭವಾಗಿ ಕಾಲೂರುವುದಿಲ್ಲ. ಕೆದಕಿದ, ಬೋಳಿಸಿದ, ಮಣ್ಣು ತಿರುವಿ ಬಿಟ್ಟ ಜಾಗವೇ ಇದರ ರಾಜ್ಯ. ಬಗೆಬಗೆಯ ಸಸ್ಯಗಳಿಂದ ತುಂಬಿದ ಸಮುದಾಯ ಹೊಸಬರ ದಾಳಿಯನ್ನು ತಡೆಯುತ್ತದೆಂದು ಚಾರ್ಲ್ಸ್ ಎಲ್ಟನ್ 1958ರ ತಮ್ಮ ಪುಸ್ತಕದಲ್ಲಿ ವಾದಿಸಿದ್ದರು. ಅದಕ್ಕೆ ಅಪವಾದಗಳುಂಟು, ಲಂಟಾನವಂತೂ ನಮ್ಮ ಕಾಡುಗಳ ಒಳಗೇ ಹೊಕ್ಕಿದೆ. ಆದರೆ ಪಾರ್ಥೇನಿಯಂ ಮಟ್ಟಿಗೆ ಮಾತು ನಿಲ್ಲುತ್ತದೆ. ನಾವು ಮನೆ ಖಾಲಿ ಮಾಡಿ ಬಾಗಿಲು ತೆರೆದಿಟ್ಟೆವು, ಅದು ಬಂದು ಕುಳಿತಿತು. ಪರಿಹಾರ ಎಲ್ಲಿಂದ ಬಂತು? 1983ರಲ್ಲಿ ಬೆಂಗಳೂರಿಗೆ ಮೆಕ್ಸಿಕೋದಿಂದಲೇ ಒಂದು ಪಟ್ಟೆ ದುಂಬಿಯನ್ನು ತರಿಸಿ, ಪರೀಕ್ಷಿಸಿ, ಮರುವರ್ಷ ಹೊರಗೆ ಬಿಟ್ಟರು. ಮಳೆಗಾಲದಲ್ಲಿ ಅದು ಈ ಗಿಡದ ಎಲೆಯನ್ನು ಚೆನ್ನಾಗಿಯೇ ಮೇಯುತ್ತದೆ. ಪಾರ್ಥೇನಿಯಂ ಅನ್ನು ಒತ್ತಿ ಹಿಂದೆ ಸರಿಸಲು ನಮ್ಮ ಕೃಷಿತಜ್ಞರು ಶಿಫಾರಸು ಮಾಡಿದ, ತಗಚೆಯ ಬಳಗದ ಇನ್ನೊಂದು ಗಿಡದ ಮೂಲವೂ ಅಮೆರಿಕವೇ. ಅನ್ಯವನ್ನು ಹದ್ದಿನಲ್ಲಿಡಲು ಅನ್ಯವೇ ಬೇಕಾಯಿತು.

ಪಾರ್ಥೇನಿಯಂ ಬೇಡವೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಬೇಡವಾದುದು ಅದು ಮಾಡುವ ಕೇಡಿನಿಂದ, ಹುಟ್ಟಿದ ಊರಿನಿಂದಲ್ಲ. ಊರಿನ ಲೆಕ್ಕ ಹಿಡಿದರೆ ರಾಗಿಯನ್ನು ಪೂರ್ವ ಆಫ್ರಿಕಕ್ಕೆ ವಾಪಸು ಕಳಿಸಬೇಕಾದೀತು. ಮೆಣಸಿನಕಾಯಿ ಪೋರ್ಚುಗೀಸರೊಡನೆ ಅಮೆರಿಕದಿಂದ ಬಂದದ್ದು. ಬಂದದ್ದಷ್ಟೇ ಅಲ್ಲ, ನಮ್ಮ ಮೆಣಸಿನ ಹೆಸರನ್ನೇ ತೆಗೆದುಕೊಂಡಿತು. ಈಗ ಮನೆಯ ಹಳೆಯ ಮೆಣಸನ್ನೇ ನಾವು ಕರಿಮೆಣಸು, ಒಳ್ಳೆಮೆಣಸು ಎಂದು ವಿಶೇಷಣ ಸೇರಿಸಿ ಗುರುತಿಸಬೇಕಾಗಿದೆ. ಇದಕ್ಕಾಗಿ ಯಾರೂ ಸಾರಿಗೆ ಮೆಣಸಿನಕಾಯಿ ಹಾಕುವುದನ್ನು ಬಿಟ್ಟಿಲ್ಲ.

ಹೀಗಿರುವಲ್ಲಿ, ಬಾಡಿಗೆ ಮನೆಯ ಯಜಮಾನರು ತಮ್ಮ ನಿಲುವನ್ನು ಬದಲಾಯಿಸಲೇಬೇಕೆಂದು ಪ್ರಕೃತಿ ಹೇಳುವುದೇ? ಇಲ್ಲ. ಅವರ ಪರವಾಗಿ ಸಾಕ್ಷಿ ನುಡಿಯದ ಪ್ರಕೃತಿ ನನ್ನ ಪರವಾಗಿಯೂ ನುಡಿಯುವುದಿಲ್ಲ. ತಾಯ್ಮರದ ನೆರಳಿನಲ್ಲಿ ಸಾಯುವ ಸಸಿಯಿಂದ ನಾನು ವಿಶ್ವಬಂಧುತ್ವವನ್ನು ಹಿಂಡಲು ಹೊರಟರೆ ಅದೂ ಅವರು ಮಾಡಿದ ತಪ್ಪಿನ ಇನ್ನೊಂದು ಮಗ್ಗುಲೇ. ಮನೆ ಕೊಡುವುದಿಲ್ಲವೆಂದರೆ ಕಾರಣವನ್ನು ಅವರೇ ಹೇಳಬೇಕು, ತಮ್ಮ ಹೆಸರಿನಲ್ಲಿ ಹೇಳಬೇಕು. ಬಾಗಿಲಲ್ಲಿ ನಿಂತು ಕೇಳುವವನ ಮುಖ ನೋಡಿ ಹೇಳಬೇಕು.

ಬೆಂಗಳೂರಿನ ಹೊಸ ಬಡಾವಣೆಗಳ ಖಾಲಿ ನಿವೇಶನಗಳಲ್ಲಿ ಮಳೆಗಾಲಕ್ಕೆ ಕಾಂಗ್ರೆಸ್ ಗಿಡ ಸೊಂಟದೆತ್ತರ ನಿಲ್ಲುತ್ತದೆ. ಹೂ ಬಿಡುವ ಮೊದಲೇ ಕಿತ್ತರೆ ಒಳ್ಳೆಯದು. ನಿವೇಶನದವರಿಗೆ ಅದು ಕಣ್ಣಿಗೆ ಬೀಳುವುದು ಹೂ ಬಿಟ್ಟ ಮೇಲೆ. ಕೀಳುವವರು ಹೆಚ್ಚಾಗಿ ರಾಯಚೂರು, ಯಾದಗಿರಿ, ಕಲಬುರಗಿಯ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದು, ಅಲ್ಲಿಯೇ ತಗಡಿನ ಶೆಡ್ಡು ಹಾಕಿಕೊಂಡಿರುವ ಗಂಡಸರು, ಹೆಂಗಸರು. ಕೈಗೆ ಒಂದು ಚೂರು ಬಟ್ಟೆಯನ್ನೂ ಸುತ್ತಿಕೊಳ್ಳದೆ ಕಿತ್ತು ರಾಶಿ ಹಾಕುತ್ತಾರೆ. ಆಮೇಲೆ ಪಾಯ ತೆಗೆಯುತ್ತಾರೆ, ಗೋಡೆ ಏಳುತ್ತದೆ, ಗೃಹಪ್ರವೇಶವಾಗುತ್ತದೆ. ಮಹಡಿಯ ಭಾಗವನ್ನು ಯಾರಿಗೆ ಬಾಡಿಗೆಗೆ ಕೊಡಬೇಕೆಂಬ ಮಾತು ಏಳುವ ಹೊತ್ತಿಗೆ ಆ ಶೆಡ್ಡು ಅಲ್ಲಿರುವುದಿಲ್ಲ. ಎರಡು ಬೀದಿ ಆಚೆ, ಇನ್ನೊಂದು ಖಾಲಿ ನಿವೇಶನದಲ್ಲಿ ಎದ್ದಿರುತ್ತದೆ.