ಬುಶ್ ಮಾಡಿದ ಪಾಪ, ಮಾಡದ ಪಾಪ

2001ರ ಸೆಪ್ಟೆಂಬರ್ ತಿಂಗಳ ಕೊನೆಯ ವಾರ. ಜುಮಾ ನಮಾಝ್ ಮುಗಿಸಿ ಮಸೀದಿಯ ಜಗಲಿಗೆ ಬಂದರೆ ಅಲ್ಲೊಂದು ಗುಂಪು ಸೇರಿತ್ತು. ನಾವೆಲ್ಲ ಕಾಕಾ ಎಂದೇ ಕರೆಯುತ್ತಿದ್ದ ಹಿರಿಯರೊಬ್ಬರ ಕೈಯಲ್ಲಿ ಒಂದು ಝೆರಾಕ್ಸ್ ಹಾಳೆ. ಗಲ್ಫ್‌ನಲ್ಲಿದ್ದ ಅವರ ಮಗ ಕಳುಹಿಸಿದ್ದು. ನ್ಯೂಯಾರ್ಕ್‌ನ ಅವಳಿ ಕಟ್ಟಡಗಳಲ್ಲಿ ದುಡಿಯುತ್ತಿದ್ದ 4 ಸಾವಿರ ಯಹೂದಿಯರು ಸೆಪ್ಟೆಂಬರ್ 11ರಂದು ಕೆಲಸಕ್ಕೆ ಹೋಗಿರಲಿಲ್ಲವಂತೆ. ಅವರಿಗೆ ಮೊದಲೇ ಗೊತ್ತಿತ್ತಂತೆ. ಎಲ್ಲವೂ ಬುಶ್ ಮತ್ತು ಇಸ್ರೇಲ್ ಸೇರಿ ಹೂಡಿದ ಆಟವಂತೆ.

ಆ ಹಾಳೆಯ ಒಂದು ಪ್ರತಿಯನ್ನು ಮಡಚಿ ಜೇಬಿಗೆ ಹಾಕಿಕೊಂಡವರಲ್ಲಿ ನಾನೂ ಒಬ್ಬ. ಮರುದಿನ ಶಾಲೆಯ ಸ್ಟಾಫ್ ರೂಮಿನಲ್ಲಿ ಅದನ್ನು ತೆಗೆದು ಓದಿದೆ. ಎರಡು ವಾರಗಳಿಂದ ಅಲ್ಲಿ ನನಗೆ ತಲೆ ಎತ್ತಲಾಗದಂಥ ಸ್ಥಿತಿ ಇತ್ತು. ಯಾರೂ ಏನೂ ಅಂದಿರಲಿಲ್ಲ, ನಿಜ. ಆದರೆ ನಾನು ಒಳಗೆ ಬಂದ ಕೂಡಲೇ ಮಾತು ಬೇರೆ ಕಡೆ ತಿರುಗುತ್ತಿತ್ತು. ಓದಿ ಮುಗಿಸಿದಾಗ ಗಣಿತದ ಮಾಸ್ಟ್ರು ಕನ್ನಡಕ ತೆಗೆದು, ‘ಅಲ್ಲ ಮಾಸ್ಟ್ರೇ, ಈ 4 ಸಾವಿರವನ್ನು ಲೆಕ್ಕ ಮಾಡಿದವರು ಯಾರು?’ ಎಂದು ಕೇಳಿದರು. ವ್ಯಂಗ್ಯವಿರಲಿಲ್ಲ. ಲೆಕ್ಕದವರು, ಲೆಕ್ಕ ಕೇಳಿದರು ಅಷ್ಟೇ. ನನ್ನಲ್ಲಿ ಉತ್ತರ ಇರಲಿಲ್ಲ. ಸಿಟ್ಟು ಮಾತ್ರ ಇತ್ತು.

ಉತ್ತರ ಸಿಕ್ಕಿದ್ದು ಬಹಳ ತಡವಾಗಿ. ದಾಳಿ ನಡೆದ ಪ್ರದೇಶಗಳ ಆಸುಪಾಸಿನಲ್ಲಿ ಇದ್ದಿರಬಹುದಾದ ಸುಮಾರು 4 ಸಾವಿರ ಇಸ್ರೇಲಿಗಳ ಹೆಸರನ್ನು ಆ ದೇಶದ ವಿದೇಶಾಂಗ ಇಲಾಖೆ ಸಂಗ್ರಹಿಸಿದೆ ಎಂದು ಅಲ್ಲಿಯ ಪತ್ರಿಕೆಯೊಂದು ವರದಿ ಮಾಡಿತ್ತು. ತಮ್ಮವರ ಬಗ್ಗೆ ಗಾಬರಿಗೊಂಡ ಸರಕಾರವೊಂದು ಮಾಡುವ ಕೆಲಸ ಅದು. ಸೆಪ್ಟೆಂಬರ್ 17ರಂದು ಲೆಬನಾನಿನ ಹಿಝ್ಬುಲ್ಲಾದ ಅಲ್ ಮನಾರ್ ಟಿ.ವಿ.ಯಲ್ಲಿ ಈ 4 ಸಾವಿರ, ‘ಕೆಲಸಕ್ಕೆ ಬಾರದ ಯಹೂದಿಯರು’ ಆಗಿ ಬದಲಾಗಿತ್ತು. ಹುಡುಕಲ್ಪಡುತ್ತಿದ್ದವರು ಹೀಗೆ ತಪ್ಪಿಸಿಕೊಂಡವರಾದರು! ವಾಸ್ತವದಲ್ಲಿ ಅಂದು ಸತ್ತವರಲ್ಲಿ ನೂರಾರು ಯಹೂದಿಯರಿದ್ದರು. ಹತ್ತಾರು ಮುಸ್ಲಿಮರೂ ಇದ್ದರು.

ಆ ಹಾಳೆಯನ್ನು ನಾನು ಯಾಕೆ ನಂಬಿದೆ? ಪುರಾವೆ ಇತ್ತೆಂದಲ್ಲ, ನೆಮ್ಮದಿ ಇತ್ತೆಂದು. ಯಾರೋ 19 ಮಂದಿ ಮಾಡಿದ ಕೃತ್ಯಕ್ಕೆ ಜಗತ್ತಿನ ಯಾವುದೋ ಮೂಲೆಯ ಮುಸ್ಲಿಮನೂ ಉತ್ತರ ಹೇಳಬೇಕಾದ ದಿನಗಳು ಅವು. ‘ನಮ್ಮವರು ಮಾಡಿಯೇ ಇಲ್ಲ’ ಎಂದುಬಿಟ್ಟರೆ ಮುಜುಗರವೂ ಇಲ್ಲ, ಆತ್ಮಪರೀಕ್ಷೆಯೂ ಬೇಡ. ಇದು ನಮ್ಮೂರಿನ ಜಗಲಿಯ ಕತೆ ಮಾತ್ರವಲ್ಲ. ಪ್ಯೂ ಸಂಸ್ಥೆ 2006ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಇಂಡೋನೇಶ್ಯಾ, ಈಜಿಪ್ಟ್, ಟರ್ಕಿ, ಜೋರ್ಡಾನ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ದಾಳಿ ನಡೆಸಿದ್ದು ಅರಬರು ಎಂಬುದನ್ನು ಒಪ್ಪಲಿಲ್ಲ. ಅದೇ ವರ್ಷ ಅಮೆರಿಕದಲ್ಲೇ ನಡೆದ ಇನ್ನೊಂದು ಸಮೀಕ್ಷೆಯಲ್ಲಿ, ತಮ್ಮ ಸರಕಾರ ಈ ದಾಳಿಗೆ ನೆರವಾಗಿರಬಹುದು ಅಥವಾ ಗೊತ್ತಿದ್ದೂ ಸುಮ್ಮನಿದ್ದಿರಬಹುದು ಎಂದವರು ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು. ಅವರ ಕಾರಣಗಳು ಬೇರೆ, ನಮ್ಮ ಕಾರಣಗಳು ಬೇರೆ.

ಹಾಗಂತ ಸಂಶಯ ಪಟ್ಟವರನ್ನೆಲ್ಲ ಮೂರ್ಖರೆಂದು ತಳ್ಳಿ ಹಾಕಲು ನಾನು ಸಿದ್ಧನಿಲ್ಲ. 1953ರಲ್ಲಿ ಇರಾನಿನ ಮುಸದ್ದಿಕ್‌ರ ಸರಕಾರವನ್ನು ಉರುಳಿಸಿದ್ದರ ಹಿಂದೆ ಸಿ.ಐ.ಎ. ಇತ್ತು. 1964ರ ಟೋಂಕಿನ್ ಕೊಲ್ಲಿಯಲ್ಲಿ ನಡೆಯಿತೆನ್ನಲಾದ ಎರಡನೇ ದಾಳಿ ನಡೆದೇ ಇರಲಿಲ್ಲ, ಆದರೆ ಅದರ ಹೆಸರಲ್ಲಿ ವಿಯೆಟ್ನಾಂ ಯುದ್ಧ ಹಿಗ್ಗಿತು. 1962ರಲ್ಲಂತೂ ಅಮೆರಿಕದ ಸೇನಾ ಮುಖ್ಯಸ್ಥರೇ, ತಮ್ಮ ನೆಲದಲ್ಲಿ ತಾವೇ ಕೃತ್ಯ ನಡೆಸಿ ಆರೋಪವನ್ನು ಕ್ಯೂಬಾದ ಮೇಲೆ ಹೊರಿಸುವ ‘ನಾರ್ತ್‌ವುಡ್ಸ್’ ಎಂಬ ಯೋಜನೆಯನ್ನು ಕಾಗದದ ಮೇಲೆ ಬರೆದು ಮುಂದಿಟ್ಟಿದ್ದರು. ಅದು ಜಾರಿಗೆ ಬರಲಿಲ್ಲ. ಇಂಥ ಇತಿಹಾಸವಿರುವ ರಾಷ್ಟ್ರದ ಮಾತನ್ನು ಒಂದೇ ಏಟಿಗೆ ನಂಬಬೇಕೆಂದು ಹೇಳುವ ಹಕ್ಕು ಯಾರಿಗಿದೆ?

ಇನ್ನು ಬುಶ್‌ರ ನಡವಳಿಕೆ. 2001ರ ಆಗಸ್ಟ್ 6ರಂದು, ಅಮೆರಿಕದೊಳಗೇ ದಾಳಿ ನಡೆಸಲು ಬಿನ್ ಲಾದಿನ್ ಪಣ ತೊಟ್ಟಿದ್ದಾನೆ ಎಂಬ ಗುಪ್ತಚರ ಟಿಪ್ಪಣಿ ಅವರ ಕೈ ಸೇರಿತ್ತು. ಅವರಾಗ ಟೆಕ್ಸಾಸ್‌ನ ತಮ್ಮ ತೋಟದಲ್ಲಿ ರಜೆಯಲ್ಲಿದ್ದರು. ಮುಂದೆ ಫ್ಲೋರಿಡಾದ ಶಾಲೆಯೊಂದರ ತರಗತಿಯಲ್ಲಿ ಕುಳಿತಿದ್ದಾಗ ಎರಡನೇ ವಿಮಾನ ಅಪ್ಪಳಿಸಿದ ಸುದ್ದಿಯನ್ನು ಕಿವಿಯಲ್ಲಿ ಉಸುರಲಾಯಿತು. ಅವರು ಸುಮಾರು 7 ನಿಮಿಷ ಕದಲಲಿಲ್ಲ. ಮೈಕಲ್ ಮೂರ್ 2004ರಲ್ಲಿ ತೆಗೆದ ಚಿತ್ರದ ಮೂಲಕ ಆ ಮುಖವನ್ನು ಜಗತ್ತೆಲ್ಲ ನೋಡಿತು. ಸ್ವತಂತ್ರ ತನಿಖಾ ಆಯೋಗ ಬೇಡವೆಂದು ಅವರ ಸರಕಾರ ತಿಂಗಳುಗಟ್ಟಲೆ ಹಟ ಹಿಡಿಯಿತು. ಗಂಡಂದಿರನ್ನು ಕಳಕೊಂಡ ನ್ಯೂಜೆರ್ಸಿಯ ವಿಧವೆಯರು ಬೆನ್ನು ಬಿಡದ ಕಾರಣ 2002ರ ನವೆಂಬರ್‌ನಲ್ಲಿ ಆಯೋಗ ರಚನೆಯಾಯಿತು. ಅದರ ಮುಂದೆ ಬುಶ್ ಒಬ್ಬರೇ ಬರಲಿಲ್ಲ, ಉಪಾಧ್ಯಕ್ಷ ಚೆನಿಯನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಪ್ರಮಾಣ ವಚನವನ್ನೂ ಮಾಡಲಿಲ್ಲ. ಇಷ್ಟಾದ ಮೇಲೆ ಜನ ಪಿಸುಗುಟ್ಟದಿರುತ್ತಾರೆಯೇ?

ಆದರೆ ಸಂಶಯ ಬೇರೆ, ತೀರ್ಪು ಬೇರೆ. ಸಂಶಯವು ಒಂದು ಸಾಲ. ಪುರಾವೆ ತಂದು ಅದನ್ನು ತೀರಿಸುವ ಹೊಣೆ ಸಂಶಯಿಸಿದವನದ್ದು. ಮುಸದ್ದಿಕ್‌ರ ವಿಷಯ, ಟೋಂಕಿನ್‌ನ ವಿಷಯ, ನಾರ್ತ್‌ವುಡ್ಸ್‌ನ ವಿಷಯ ನಮಗೆ ಗೊತ್ತಾದದ್ದು ಕಡತಗಳಿಂದ, ಸಹಿಯಿಂದ, ತಾರೀಖಿನಿಂದ. ಸೆಪ್ಟೆಂಬರ್ 11ರ ಕತೆಗಳಿಗೆ ಅಂಥದ್ದೇನೂ ಒದಗಲಿಲ್ಲ. ಒದಗಿದ್ದು ಪ್ರಶ್ನೆಗಳು ಮಾತ್ರ. ಇಂಧನದ ಬೆಂಕಿಗೆ ಉಕ್ಕು ಕರಗುವುದೇ ಎಂದು ಕೇಳಿದರು. ಕರಗಬೇಕಾಗಿಲ್ಲ, ಸುಮಾರು 600 ಡಿಗ್ರಿ ಸೆಲ್ಸಿಯಸ್‌ನಲ್ಲೇ ಉಕ್ಕು ತನ್ನ ಅರ್ಧದಷ್ಟು ಬಲ ಕಳೆದುಕೊಳ್ಳುತ್ತದೆ. ವಿಮಾನ ಬಡಿಯದ ಏಳನೇ ಕಟ್ಟಡ ಸಂಜೆ ಕುಸಿದದ್ದೇಕೆ ಎಂದು ಕೇಳಿದರು. ಇದು ಸರಿಯಾದ ಪ್ರಶ್ನೆಯೇ. ನಂದಿಸುವವರಿಲ್ಲದೆ ಗಂಟೆಗಟ್ಟಲೆ ಉರಿದ ಬೆಂಕಿಗೆ ತೊಲೆಗಳು ಹಿಗ್ಗಿ ಒಂದು ಮುಖ್ಯ ಕಂಬ ಆಸರೆ ಕಳೆದುಕೊಂಡಿತೆಂಬ ವಿವರಣೆ ಬರಲು 2008ರ ತನಕ ಕಾಯಬೇಕಾಯಿತು. ಆ ಏಳು ವರ್ಷಗಳ ತೆರಪಿನಲ್ಲಿ ಎಷ್ಟು ಚಿತ್ರಗಳು, ಎಷ್ಟು ಪುಸ್ತಕಗಳು!

2002ರಲ್ಲಿ ಫ್ರಾನ್ಸ್‌ನ ಥಿಯರಿ ಮೈಸಾನ್ ಎಂಬವರು ಪೆಂಟಗನ್‌ಗೆ ವಿಮಾನವೇ ಬಡಿದಿಲ್ಲ ಎಂದು ಪುಸ್ತಕ ಬರೆದರು. ಬಿಸಿ ದೋಸೆಯಂತೆ ಖರ್ಚಾಯಿತು. ಸರಿ, ಬಡಿದಿಲ್ಲ ಎಂದೇ ಇಟ್ಟುಕೊಳ್ಳೋಣ. ಹಾಗಾದರೆ ಆ ವಿಮಾನದಲ್ಲಿದ್ದ, ಅಪಹರಣಕಾರರಲ್ಲದ 59 ಮಂದಿ ಎಲ್ಲಿ? ಅವರಿಗಾಗಿ ಅತ್ತ ತಾಯಂದಿರು, ಮಕ್ಕಳು ಎಲ್ಲರೂ ನಟರೇ? ಪಿತೂರಿಯ ಕತೆ ಕಟ್ಟುವವರು ಈ ಪ್ರಶ್ನೆಯ ಬಳಿ ಬಂದಾಗ ವೇಗ ಹೆಚ್ಚಿಸುತ್ತಾರೆ. ಕತೆಗೆ ಕಟ್ಟಡ ಬೇಕು, ಉಕ್ಕು ಬೇಕು, ಹೊಗೆಯ ಫೋಟೋ ಬೇಕು. ಸತ್ತವರು ಬೇಡ.

‘ಇದರಿಂದ ಲಾಭ ಯಾರಿಗಾಯಿತು ಹೇಳಿ’ ಎಂಬುದು ಇನ್ನೊಂದು ವಾದ. ಕೇಳಲು ಬಹಳ ಗಟ್ಟಿ. ಊರಿನಲ್ಲಿ ಒಂದು ಮನೆಗೆ ಬೆಂಕಿ ಬೀಳುತ್ತದೆ. ನೆರೆಯವನು ಆ ಜಾಗವನ್ನು ಅರ್ಧ ಕ್ರಯಕ್ಕೆ ಬರೆಸಿಕೊಳ್ಳುತ್ತಾನೆ. ಅವನು ನೀಚ, ಸಂದೇಹವಿಲ್ಲ. ಆದರೆ ಬೆಂಕಿ ಇಟ್ಟವನೂ ಅವನೇ ಎನ್ನಲು ಬೇರೆ ಸಾಕ್ಷಿ ಬೇಕಲ್ಲವೇ? ಬುಶ್ ಆ ನೆರೆಯವನು. ಉರಿದ ಮನೆಯ ಬೂದಿ ಆರುವ ಮೊದಲೇ ಜಾಗ ಅಳೆಯಲು ನಿಂತವರು.

ಇಲ್ಲೇ ನನಗೆ ಅತಿ ಹೆಚ್ಚು ನೋವಾಗುವುದು. 2001ರ ನವೆಂಬರ್ 10ರಂದು ವಿಶ್ವಸಂಸ್ಥೆಯಲ್ಲಿ ಮಾತಾಡಿದ ಬುಶ್, ಸೆಪ್ಟೆಂಬರ್ 11ರ ಬಗ್ಗೆ ಹಬ್ಬುತ್ತಿರುವ ಪಿತೂರಿಯ ಕತೆಗಳನ್ನು ಸಹಿಸಬಾರದೆಂದು ಜಗತ್ತಿಗೆ ಬುದ್ಧಿ ಹೇಳಿದರು. ಒಂದು ತಿಂಗಳು ಕಳೆಯಲಿಲ್ಲ, ವಿಮಾನ ಅಪಹರಣಕಾರರ ನಾಯಕ ಮುಹಮ್ಮದ್ ಅತ್ತಾ ಪ್ರಾಗ್ ನಗರದಲ್ಲಿ ಇರಾಕಿನ ಗುಪ್ತಚರ ಅಧಿಕಾರಿಯನ್ನು ಭೇಟಿಯಾಗಿದ್ದಾನೆಂದು ಚೆನಿ ಟಿ.ವಿ.ಯಲ್ಲಿ ಕುಳಿತು ಹೇಳಿದರು. ಆ ಭೇಟಿಗೆ ಆಧಾರವಿಲ್ಲವೆಂದು ಆಯೋಗ 2004ರಲ್ಲಿ ಹೇಳಿತು. ಅಷ್ಟರಲ್ಲಿ ಆಗಬೇಕಾದದ್ದೆಲ್ಲ ಆಗಿತ್ತು. 2003ರ ಒಂದು ಸಮೀಕ್ಷೆಯಲ್ಲಿ ದಾಳಿಯ ಹಿಂದೆ ಸದ್ದಾಮ್ ಹುಸೇನ್‌ರ ಕೈವಾಡ ಇದ್ದಿರಬಹುದು ಎಂದ ಅಮೆರಿಕನ್ನರು ಶೇಕಡಾ 69! ಅದಕ್ಕೆ ಪುರಾವೆ ಇಲ್ಲವೆಂದು ಬುಶ್ ಬಾಯಿ ಬಿಟ್ಟದ್ದು 2003ರ ಸೆಪ್ಟೆಂಬರ್‌ನಲ್ಲಿ, ಬಗ್ದಾದ್ ಬಿದ್ದು ಐದು ತಿಂಗಳಾದ ಮೇಲೆ. ಸಮೂಹ ನಾಶದ ಅಸ್ತ್ರಗಳೂ ಸಿಗಲಿಲ್ಲ. ಇರಾಕಿನಲ್ಲಿ ಸತ್ತ ನಾಗರಿಕರ ಸಂಖ್ಯೆ ಲಕ್ಷವನ್ನು ಮೀರಿತು.

ಅಂದರೆ ಸೆಪ್ಟೆಂಬರ್ 11ರ ಬಗ್ಗೆ ಹುಟ್ಟಿದ ಅತ್ಯಂತ ಘೋರ ಪಿತೂರಿ ಕತೆಯ ಕರ್ತೃಗಳು ನಮ್ಮ ಮಸೀದಿ ಜಗಲಿಯ ಕಾಕಾ ಅಲ್ಲ. ಅವರು ಶ್ವೇತಭವನದಲ್ಲಿದ್ದರು. ನಮ್ಮ ಕೈಯಲ್ಲಿದ್ದದ್ದು ಝೆರಾಕ್ಸ್ ಹಾಳೆ, ಅವರ ಕೈಯಲ್ಲಿ ಸೇನೆ.

ಹೀಗಿರುವಾಗ ಬುಶ್ ಮಾಡದ ಪಾಪವನ್ನು ಅವರ ತಲೆಗೆ ಕಟ್ಟಿ ನಾವು ಸಾಧಿಸಿದ್ದೇನು? ಮಾಡಿದ ಪಾಪದ ಪಟ್ಟಿ ಸಾಲದೇ? ಆಗಸ್ಟ್ 6ರ ಟಿಪ್ಪಣಿಯನ್ನು ಕಡೆಗಣಿಸಿದ್ದು, ಅಮೆರಿಕದೊಳಗೆ ಬಂದಿದ್ದ ಇಬ್ಬರು ಅಪಹರಣಕಾರರ ವಿಷಯವನ್ನು ಸಿ.ಐ.ಎ. ಸಕಾಲದಲ್ಲಿ ಎಫ್.ಬಿ.ಐ.ಗೆ ತಿಳಿಸದಿದ್ದುದು, ಗ್ವಾಂಟನಾಮೊ, ಅಬೂ ಗುರೈಬ್, ಇರಾಕ್. ಪ್ರಧಾನ ಆರೋಪಿಯನ್ನು 2003ರ ಮಾರ್ಚ್ ಒಂದೇ ತಿಂಗಳಲ್ಲಿ 183 ಬಾರಿ ನೀರಿನ ಚಿತ್ರಹಿಂಸೆಗೆ ಒಳಪಡಿಸಿದರು. ಸಾಕ್ಷ್ಯವೇ ಹದಗೆಟ್ಟು, ಎರಡು ದಶಕ ಕಳೆದಾಗಲೂ ಆತನ ಮೊಕದ್ದಮೆಯಲ್ಲಿ ತೀರ್ಪು ಬಂದಿರಲಿಲ್ಲ. ಇವೆಲ್ಲ ಅಮೆರಿಕದ ದಾಖಲೆಗಳಿಂದಲೇ ರುಜುವಾತಾದ ಸಂಗತಿಗಳು. ಆದರೆ ‘ಕಟ್ಟಡಕ್ಕೆ ಬಾಂಬಿಟ್ಟದ್ದೂ ಬುಶ್’ ಎಂದು ಶುರು ಮಾಡಿದವನ ಮುಂದಿನ ಮಾತನ್ನು ಯಾರು ಕೇಳುತ್ತಾರೆ? ಇರಾಕ್ ಯುದ್ಧವನ್ನು ಪ್ರಶ್ನಿಸಿದವನನ್ನೂ, ವಿಮಾನವೇ ಇರಲಿಲ್ಲ ಎಂದವನನ್ನೂ ಒಂದೇ ಚೀಲಕ್ಕೆ ಹಾಕಿ ಬದಿಗಿಡುವುದು ಸುಲಭವಾಯಿತು.

ಇನ್ನೊಂದು ಮಾತನ್ನು ಹೇಳಲೇಬೇಕು, ಕೆಲವರಿಗೆ ಹಿಡಿಸದಿದ್ದರೂ ಸರಿ. ಆ ದಿನಗಳಲ್ಲಿ ಒಂದೇ ಬಾಯಿಯಿಂದ ನಾನು ಎರಡು ಮಾತುಗಳನ್ನು ಕೇಳಿದ್ದೇನೆ. ಮೊದಲನೆಯದು, ‘ಇದು ಯಹೂದಿಗಳ ಕೆಲಸ.’ ಎರಡನೆಯದು, ಸ್ವಲ್ಪ ತಗ್ಗಿದ ದನಿಯಲ್ಲಿ, ‘ಆದರೂ ಅಮೆರಿಕಕ್ಕೆ ಹಾಗೆಯೇ ಆಗಬೇಕಿತ್ತು.’ ನಮಗೆ ನಿರಪರಾಧಿಯ ಗೌರವವೂ ಬೇಕಿತ್ತು, ಗೆದ್ದವನ ಖುಷಿಯೂ ಬೇಕಿತ್ತು. ಇದಕ್ಕಿಂತ ದೊಡ್ಡ ನೈತಿಕ ದಿವಾಳಿ ಇದೆಯೇ? 2002ರಲ್ಲಿ ಅಲ್ ಜಝೀರಾದ ಪತ್ರಕರ್ತ ಯುಸ್ರಿ ಫೂದಾ, ದಾಳಿಯನ್ನು ಯೋಜಿಸಿದ ಇಬ್ಬರನ್ನು ಕರಾಚಿಯಲ್ಲಿ ಭೇಟಿಯಾದರು. ಇಬ್ಬರೂ ಒಪ್ಪಿಕೊಂಡರು. ಮೊದಲು ನಿರಾಕರಿಸಿದ್ದ ಬಿನ್ ಲಾದಿನ್ 2004ರ ಅಕ್ಟೋಬರ್‌ನಲ್ಲಿ ತಾನೇ ಹೊಣೆ ಹೊತ್ತ. ಇದನ್ನು ಜಗತ್ತಿಗೆ ತೋರಿಸಿದ್ದು ಸಿ.ಎನ್.ಎನ್. ಅಲ್ಲ, ಅರಬ್ ವಾಹಿನಿ. ಅಷ್ಟಾದರೂ ಜಗಲಿಯಲ್ಲಿ, ‘ಆ ವಿಡಿಯೋ ನಕಲಿ’ ಎಂದರು.

ಕುರ್‌ಆನ್‌ನ ಹುಜುರಾತ್ ಅಧ್ಯಾಯವು, ಸುದ್ದಿ ತಂದವನನ್ನು ಪರಿಶೀಲಿಸದೆ ನಂಬಿ ಜನರಿಗೆ ಕೇಡು ಮಾಡಬೇಡಿರೆಂದು ಎಚ್ಚರಿಸುತ್ತದೆ. ಗುಮಾನಿಯಿಂದ ದೂರವಿರಲು ಹೇಳಿದ್ದೂ ಅದೇ ಅಧ್ಯಾಯದಲ್ಲಿ. ಯಾವುದೋ ಜನಾಂಗದ ಮೇಲಿನ ದ್ವೇಷ ನ್ಯಾಯ ತಪ್ಪಲು ನೆಪವಾಗಬಾರದೆಂಬ ತಾಕೀತು ಬೇರೊಂದು ಕಡೆ ಇದೆ. ನಾವು ಇವನ್ನು ಭಾಷಣಗಳಲ್ಲಿ ಧಾರಾಳ ಬಳಸುತ್ತೇವೆ. ನಮ್ಮ ಬಗ್ಗೆ ವದಂತಿ ಹಬ್ಬಿದಾಗಲಂತೂ ತಪ್ಪದೆ ಬಳಸುತ್ತೇವೆ. ಆ 4 ಸಾವಿರದ ಹಾಳೆ ಕೈಗೆ ಬಂದಾಗ ಯಾಕೆ ನೆನಪಾಗಲಿಲ್ಲ?

ಆ ದಾಳಿಯ ದಿನ ಪಾಕಿಸ್ತಾನ ಮೂಲದ 23 ವರ್ಷದ ಮುಸ್ಲಿಮ್ ಯುವಕನೊಬ್ಬ ನಾಪತ್ತೆಯಾದ. ನ್ಯೂಯಾರ್ಕ್ ಪೊಲೀಸ್ ಇಲಾಖೆಯಲ್ಲಿ ಕೆಡೆಟ್ ಆಗಿದ್ದವನು. ಪ್ರಥಮ ಚಿಕಿತ್ಸೆಯ ತರಬೇತಿಯೂ ಇತ್ತು. ಅಂದು ಬೆಳಿಗ್ಗೆ ಪ್ರಯೋಗಾಲಯದ ಕೆಲಸಕ್ಕೆಂದು ಮನೆಯಿಂದ ಹೊರಟಿದ್ದ. ಮಗ ಎಲ್ಲಿ ಎಂದು ತಾಯಿ ಹುಡುಕುತ್ತಿದ್ದರೆ, ಆತ ದಾಳಿಕೋರರ ಜೊತೆಗಾರನಿರಬಹುದು, ತಲೆ ಮರೆಸಿಕೊಂಡಿರಬಹುದು ಎಂಬ ಗುಮಾನಿ ಪತ್ರಿಕೆಯಲ್ಲಿ ಬಂತು. ತನಿಖೆಯವರು ಮನೆ ಬಾಗಿಲು ತಟ್ಟಿದರು. 2002ರ ಮಾರ್ಚ್‌ನಲ್ಲಿ ಅವಶೇಷಗಳ ನಡುವೆ ಸಿಕ್ಕ ದೇಹದ ಭಾಗಗಳು ಅವನವೆಂದು ಖಚಿತವಾಯಿತು. ದಾರಿಯಲ್ಲಿ ಹೊಗೆ ಕಂಡು ನೆರವಿಗೆ ಧಾವಿಸಿದ್ದನೆಂದೇ ಮನೆಯವರ ನಂಬಿಕೆ. ಒಂದು ವದಂತಿ ಆತನನ್ನು ಭಯೋತ್ಪಾದಕನನ್ನಾಗಿಸಿತು. ಎಲ್ಲವೂ ಬುಶ್‌ರ ನಾಟಕವೆನ್ನುವ ನಮ್ಮ ವದಂತಿಯಲ್ಲಿ ಆತನಿಗೆ ಜಾಗವೇ ಇಲ್ಲ.

ವದಂತಿಗೆ ಯಜಮಾನ ಅಂತ ಯಾರೂ ಇಲ್ಲ. 2015ರಲ್ಲಿ ಡೊನಾಲ್ಡ್ ಟ್ರಂಪ್, ಕಟ್ಟಡಗಳು ಉರುಳಿದಾಗ ಜೆರ್ಸಿ ನಗರದಲ್ಲಿ ಸಾವಿರಾರು ಮಂದಿ ಕುಣಿದದ್ದನ್ನು ತಾನು ನೋಡಿದ್ದೇನೆ ಎಂದು ಸಾರಿದರು. ಯಾರನ್ನು ಕುರಿತು ಹೇಳಿದ್ದೆಂದು ಬಿಡಿಸಿ ಹೇಳಬೇಕಾಗಿಲ್ಲ. ಆ ಸಾವಿರಾರನ್ನು ಲೆಕ್ಕ ಮಾಡಿದವರೂ ಯಾರೂ ಇರಲಿಲ್ಲ.

2020ರ ಏಪ್ರಿಲ್. ಲಾಕ್‌ಡೌನ್. ನಿವೃತ್ತರಾಗಿ ಬಹಳ ವರ್ಷಗಳಾಗಿದ್ದ ಗಣಿತದ ಮಾಸ್ಟ್ರಿಂದ ವಾಟ್ಸ್‌ಆ್ಯಪ್‌ನಲ್ಲಿ ಒಂದು ವಿಡಿಯೋ ಬಂತು. ಮುಸ್ಲಿಮರು ಬೇಕೆಂದೇ ತರಕಾರಿಗೆ ಉಗುಳಿ ಕೊರೋನಾ ಹರಡುತ್ತಿದ್ದಾರೆಂಬ ಒಕ್ಕಣೆ. ತಬ್ಲೀಗ್ ಜಮಾಅತ್‌ನ ಹೆಸರಲ್ಲಿ ಟಿ.ವಿ.ಗಳು ಬೊಬ್ಬಿಡುತ್ತಿದ್ದ ದಿನಗಳವು. ಆ ವಿದೇಶಿ ತಬ್ಲೀಗಿಗಳನ್ನು ಬಲಿಪಶು ಮಾಡಲಾಯಿತೆಂದು ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ ಹೇಳುವುದಕ್ಕೆ ಇನ್ನೂ ನಾಲ್ಕು ತಿಂಗಳಿತ್ತು. ನನಗೆ ಸಿಟ್ಟು ಬಂತು, 19 ವರ್ಷಗಳ ಹಿಂದೆ ಬಂದದ್ದಕ್ಕಿಂತಲೂ ಹೆಚ್ಚು. ಏನೇನೋ ಟೈಪಿಸಿ ಅಳಿಸಿದೆ. ಕೊನೆಗೆ, ‘ಮಾಸ್ಟ್ರೇ, ಇದನ್ನು ಕಣ್ಣಾರೆ ಕಂಡವರು ಯಾರು?’ ಎಂದಷ್ಟೇ ಬರೆದು ಕಳುಹಿಸಿದೆ.

ಎರಡು ದಿನ ಉತ್ತರವಿಲ್ಲ. ಮೂರನೇ ದಿನ ಫೋನ್ ಮಾಡಿದರು. ಮೊಣಕಾಲು ನೋವಿನ ಬಗ್ಗೆ, ಮಾತ್ರೆ ಸಿಗದಿರುವ ಬಗ್ಗೆ, ಬೆಂಗಳೂರಿನಲ್ಲಿ ಸಿಕ್ಕಿಹಾಕಿಕೊಂಡ ಮಗಳ ಬಗ್ಗೆ ಮಾತಾಡಿದರು. ಇಡುವ ಮೊದಲು, ‘ಅದನ್ನು ನನಗೆ ಕಳುಹಿಸಿದವನಲ್ಲಿ ಕೇಳಿದೆ ಮಾರಾಯ್ರೆ, ಅವನಿಗೂ ಯಾರೋ ಕಳುಹಿಸಿದ್ದಂತೆ’ ಎಂದರು.