ಹಿಂದೆ ಬರುವವರ ಪಾಲಿನ ಕನ್ನಡಿ

ವಾಹನದ ದೋಷಗಳಲ್ಲಿ ಎರಡು ಬಗೆ. ಕೆಲವು ನಮ್ಮನ್ನು ದಾರಿಯಲ್ಲಿ ನಿಲ್ಲಿಸುತ್ತವೆ, ಕೆಲವು ನಿಲ್ಲಿಸುವುದಿಲ್ಲ. ಟೈರು ಪಂಕ್ಚರಾದರೆ, ಬ್ಯಾಟರಿ ಇಳಿದರೆ ರಿಪೇರಿ ಮಾಡಿಸದೆ ಗತ್ಯಂತರವಿಲ್ಲ. ಬಾಗಿಲ ಪಕ್ಕದ ಕನ್ನಡಿ ಸಡಿಲಾದರೆ ಮಾತ್ರ ಲಾರಿ ಎಂದಿನಂತೆ ಓಡುತ್ತದೆ, ಬಾಡಿಗೆಯೂ ಎಂದಿನಂತೆ ಕೈ ಸೇರುತ್ತದೆ. ಅಣ್ಣನ ಹಳೆಯ ಲಾರಿಯಲ್ಲಿ ಈ ಎರಡನೆಯ ಬಗೆಯ ದೋಷ ಬಹುಕಾಲ ಉಳಿದುಕೊಂಡಿತ್ತು. ಅದು ಅಷ್ಟು ಕಾಲ ಉಳಿದದ್ದೇಕೆ ಎಂಬ ಪ್ರಶ್ನೆ, ಕನ್ನಡಿ ಸರಿಹೋದ ಮೇಲೂ ನನ್ನನ್ನು ಬಿಡಲಿಲ್ಲ.

ಕಬ್ಬಿನ ಹಂಗಾಮಿಗೆ ಮುನ್ನ ಲಾರಿಯನ್ನು ಚಿಕ್ಕೋಡಿಯ ಗ್ಯಾರೇಜಿಗೆ ಒಯ್ದಾಗ ನಾನೂ ಜೊತೆಗಿದ್ದೆ. ಎಂಜಿನ್ ಚಾಲೂ ಇದ್ದಾಗ ಕನ್ನಡಿಯಲ್ಲಿ ಹಿಂದಿನ ರಸ್ತೆಯೆಲ್ಲ ನಡುಗುತ್ತಿತ್ತು. ನಿಂತಿದ್ದ ಒಂದೇ ಬೈಕು ಎರಡಾಗಿ ತೋರುತ್ತಿತ್ತು. ಗಾಜಿಗೆ ಒಂದು ಗೀರೂ ಬಿದ್ದಿರಲಿಲ್ಲ. ಮಿಸ್ತ್ರಿ ಅದನ್ನು ಮುಟ್ಟಲೂ ಇಲ್ಲ. ರಾಡಿನ ಬುಡಕ್ಕೆ ಕ್ಲೀನರ್ ಸುತ್ತಿದ್ದ ಸೈಕಲ್ ಟ್ಯೂಬಿನ ಪಟ್ಟಿ ಬಿಚ್ಚಿದ. ತುಕ್ಕು ಹಿಡಿದ ಬೋಲ್ಟು, ಸವೆದ ರಬ್ಬರ್ ಬುಶ್ ಬದಲಿಸಿದ. ಸ್ಪ್ರಿಂಗ್ ವಾಷರ್ ಕೂರಿಸಿ ಒಂದು ನಟ್ಟಿನ ಮೇಲೆ ಇನ್ನೊಂದು ನಟ್ಟು ಹಾಕಿದ. ಅಣ್ಣ ತಾನೇ ಪಾನಾ ಹಿಡಿದು ಮತ್ತಷ್ಟು ಬಿಗಿಯಲು ಹೋದಾಗ ತಡೆದ: "ಅಷ್ಟ ಬಿಗಿ ಬ್ಯಾಡ್ರಿ ಅಣ್ಣಾರ. ಗಾಳಿಗೆ ಅಲ್ಲಾಡಬಾರ್ದು, ಕೈಗೆ ತಿರುಗಬೇಕು."

ಆ ಮಾತಿನಲ್ಲಿ ಕಸುಬಿನ ಲೆಕ್ಕವಿದೆ. ಎಂಜಿನ್ನಿನ ಅದುರಿಗೆ ನಟ್ಟು ಸಡಿಲಾಗುತ್ತ ಹೋಗುತ್ತದೆ. ಮಿತಿಮೀರಿ ಬಿಗಿದರೆ ಥ್ರೆಡ್ಡೇ ಕೆಡುತ್ತದೆ. ಮರದ ಕೊಂಬೆ ತಗುಲಿದಾಗ ಮಡಚಿಕೊಳ್ಳುವ ಕನ್ನಡಿ ಉಳಿಯುತ್ತದೆ, ಸೆಟೆದು ನಿಂತದ್ದು ಒಡೆಯುತ್ತದೆ. ಚಾಲಕ ಬದಲಾದರೆ ಅವನ ಎತ್ತರಕ್ಕೆ ತಕ್ಕಂತೆ ಅದು ಹೊರಳಲೂ ಬೇಕು. ಮನುಷ್ಯನ ನಿಲುವೂ ಹೀಗೆಯೇ ಇರಬೇಕು, ದೃಢವಾಗಿಯೂ ಬಾಗಬಲ್ಲದ್ದಾಗಿಯೂ ಎಂದು ನನಗೆ ಮೊದಲು ತೋರಿತು. ಆದರೆ ಆ ಪಾಠ ಪೂರ್ತಿ ಸಮಾಧಾನ ಕೊಡಲಿಲ್ಲ. ಅದರಲ್ಲಿ ಇದ್ದುದು ನನ್ನ ನಿಲುವು, ನನ್ನ ನೋಟ, ನನ್ನ ಹಿತ. ಕನ್ನಡಿ ಇರುವುದು ನಿಜಕ್ಕೂ ಯಾರಿಗಾಗಿ?

ಉತ್ತರ ಈ ಭಾಗದ ರಸ್ತೆಗಳಲ್ಲೇ ಇದೆ. ಕಾಗವಾಡ ತಾಲ್ಲೂಕಿನ ಉಗಾರದ ಸಕ್ಕರೆ ಕಂಪನಿ 1939ರಲ್ಲಿ ಸ್ಥಾಪನೆಯಾದದ್ದು. ಆಮೇಲೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಸೀಮೆಯಲ್ಲಿ ಸಹಕಾರಿ ಕಾರ್ಖಾನೆಗಳೂ ಬಂದವು. ಹಂಗಾಮು ಬಂತೆಂದರೆ ರಸ್ತೆಯ ತುಂಬ ಕಬ್ಬು. ಹೇರು ಲಾರಿಯ ಮೈಮೀರಿ ಹೊರಚಾಚಿದಾಗ ಕನ್ನಡಿಯ ಬಹುಪಾಲು ಕಬ್ಬೇ ತುಂಬಿರುತ್ತದೆ. ಉಳಿದ ಅಂಚಿನಲ್ಲಿ ಹಾಲಿನ ಕ್ಯಾನು ಕಟ್ಟಿದ ಬೈಕು, ಶಾಲೆಗೆ ಹೊರಟ ಸೈಕಲ್ಲು ಕಾಣಬೇಕು. ಚಕ್ಕಡಿಯನ್ನು ಹಿಂದಿಕ್ಕಿದ ಲಾರಿ ಮತ್ತೆ ಎಡಕ್ಕೆ ಸರಿಯುವಾಗ ಎತ್ತುಗಳ ಮುಂದೆ ಎಷ್ಟು ಜಾಗವಿದೆ ಎಂದು ಹೇಳಬೇಕಾದದ್ದೂ ಆ ಕನ್ನಡಿಯೇ. ಉಬ್ಬುಗನ್ನಡಿಯಾದರಂತೂ ನೋಟದ ಹರವು ಹೆಚ್ಚು, ಆದರೆ ಹತ್ತಿರದ್ದು ಚಿಕ್ಕದಾಗಿ, ದೂರವಿದ್ದಂತೆ ತೋರುತ್ತದೆ. ಅದರ ಜೊತೆಗೆ ನಡುಕವೂ ಸೇರಿದರೆ ಅಂದಾಜು ಮಾಡುವುದಾದರೂ ಹೇಗೆ? 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಹಿನ್ನೋಟದ ಕನ್ನಡಿ ಇರಲೇಬೇಕೆನ್ನುತ್ತವೆ. ಇದ್ದರಷ್ಟೇ ಸಾಲದು, ನೋಡಲು ಬರುವಂತಿರಬೇಕು.

ಮುಂಗಾಜು ನಮ್ಮ ಪ್ರಯಾಣಕ್ಕೆ ಬೇಕು. ಪಕ್ಕದ ಕನ್ನಡಿ ಹೆಚ್ಚಾಗಿ ಇತರರ ಪ್ರಯಾಣಕ್ಕೆ ಬೇಕು. ಅದು ಸಡಿಲಾದಾಗ ಗಂಡಾಂತರ ಬರುವುದು ನಮಗಿಂತ ಮೊದಲು ಅವರಿಗೆ. ಎಂದೇ ಅದರ ರಿಪೇರಿ ನಾಳೆಗೆ ಉಳಿಯುತ್ತದೆ. ನಮ್ಮನ್ನು ನಿಲ್ಲಿಸುವ ದೋಷವನ್ನು ಸ್ವಾರ್ಥವೇ ಸರಿಪಡಿಸಿಕೊಳ್ಳುತ್ತದೆ. ನಿಲ್ಲಿಸದ ದೋಷವನ್ನು ಸರಿಪಡಿಸಲು ಧರ್ಮಬುದ್ಧಿ ಬೇಕು. ಆಳಿಗೆ ತಡವಾಗಿ ಸಲ್ಲುವ ಕೂಲಿ, ನಮ್ಮ ಮನೆಯಿಂದ ನೆರೆಯವರ ಅಂಗಳಕ್ಕೆ ಹರಿಯುವ ಬಚ್ಚಲ ನೀರು, ಸಹಿಗಾಗಿ ಮೇಜಿನ ಮೇಲೆ ಕಾದಿರುವ ಅರ್ಜಿ, ಇವೂ ಅದೇ ಜಾತಿಯವು. ಇವುಗಳಿಂದ ನಮ್ಮ ದಿನವೇನೂ ನಿಲ್ಲುವುದಿಲ್ಲ. ಒಬ್ಬನ ಬದುಕು ಎಷ್ಟು ಹಸನೆಂಬುದನ್ನು ಇಂಥ ಕಡೆಗಳಲ್ಲೇ ಅಳೆಯಬೇಕು.

ಹಂಗಾಮು ಶುರುವಾಗುವ ಮುನ್ನ ಗಾಡಿ ಇರುವವರೆಲ್ಲ ಕನ್ನಡಿಯ ಬುಡವನ್ನೊಮ್ಮೆ ಕೈಯಿಂದ ಅಲ್ಲಾಡಿಸಿ ನೋಡಲಿ. ತಗಲುವುದು ಒಂದು ಬುಶ್, ಎರಡು ನಟ್ಟು. ಉಳಿಯಬಹುದಾದದ್ದು ಯಾರದೋ ಜೀವ.