ಆಘಾತವೂ ಸಮತ್ವವೂ
ಖಟಕ ಚಿಂಚೋಳಿಯಿಂದ ಭಾಲ್ಕಿಗೆ ಮೋಟಾರ್ ಸೈಕಲ್ ಏರಿ ಹೊರಟವನಿಗೆ, ಮಳೆಗಾಲದಲ್ಲಿ ಉಬ್ಬಿ ಬೇಸಗೆಯಲ್ಲಿ ಬಿರಿಯುವ ಎರೆಮಣ್ಣಿನ ಮೇಲಣ ಹಾದಿಯು, ಗೀತೆಯ ಎರಡನೆಯ ಅಧ್ಯಾಯವು ವರ್ಣಿಸುವ ಸ್ಥಿತಪ್ರಜ್ಞನು ಆಘಾತವನ್ನೇ ಅರಿಯದವನೋ, ಅರಿತೂ ಅದನ್ನು ಮುಂದುವರಿಯಗೊಡದವನೋ ಎಂಬ ಪ್ರಶ್ನೆಯನ್ನು ಒಡ್ಡುತ್ತದೆ. ಉತ್ತರವನ್ನು ವಾಹನವೇ ಸೂಚಿಸುವುದು: ಹಿಂಗಾಲಿಯ ಸ್ಪ್ರಿಂಗು ಪೆಟ್ಟನ್ನು ಸ್ವೀಕರಿಸಿ ಕುಗ್ಗುವುದು. ಆದರೆ ಅದೊಂದೇ ಇದ್ದರೆ, ಸ್ವೀಕರಿಸಿದ್ದನ್ನೆಲ್ಲ ಹಿಂದಿರುಗಿಸಿ, ಗುಂಡಿ ದಾಟಿದ ಮೇಲೆಯೂ ವಾಹನವನ್ನು ಕುಣಿಸುತ್ತಲೇ ಇರುವುದು. ಡ್ಯಾಂಪರಿನೊಳಗೆ ಕಿರುರಂಧ್ರಗಳಲ್ಲಿ ನುಸುಳುವ ಎಣ್ಣೆಯೇ ಆ ಚಲನೆಯನ್ನು ಶಾಖವಾಗಿ ಮಾರ್ಪಡಿಸಿ ಶಮನಗೊಳಿಸುವಂಥದು. ಕುಗ್ಗಲೊಲ್ಲದ ಕಾಠಿನ್ಯವನ್ನು ಸಮತ್ವವೆಂದು ನಾನು ಒಪ್ಪಲಾರೆನು: ಸ್ಪ್ರಿಂಗು ಅತಿ ಗಡುಸಾದರೆ ಚಕ್ರವು ನೆಲವನ್ನೇ ಬಿಟ್ಟು ನೆಗೆಯುವುದು. ಪ್ರಿಲೋಡನ್ನು, ಎಂದರೆ ಸ್ಪ್ರಿಂಗನ್ನು ಮೊದಲೇ ಒತ್ತಿಟ್ಟಿರುವ ಪ್ರಮಾಣವನ್ನು, ಏರಿಸಿದರೆ ಸ್ಪ್ರಿಂಗಿನ ಸ್ವಭಾವವೇನೂ ಬದಲಾಗದು, ಹೊರೆಗೆ ತಕ್ಕ ನಿಲುವು ಮಾತ್ರ ದೊರೆಯುವುದು. ಆದುದರಿಂದ ಹಿಂದೆ ಒಬ್ಬರನ್ನು ಕೂರಿಸಿಕೊಂಡಾಗ ಒಂದು ಮೆಟ್ಟಿಲು ಏರಿಸಿರಿ, ಒಬ್ಬರೇ ಮರಳುವಾಗ ಮರೆಯದೆ ಇಳಿಸಿರಿ.